ಶ್ರೀನಿವಾಸಪ್ಪನ ಗೇಣುದ್ದದ ಹೆಲಿಕಾಪ್ಟರ್

ಒಟ್ಟು ಎಂಬತ್ತಾರು ತುಂಡು. ಅದರಲ್ಲಿ ಎಪ್ಪತ್ತು ತುಂಡು ಏನು, ಎತ್ತ ಎಂದು ಶ್ರೀನಿವಾಸಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬಾಯಿ ಬಿಡುವ ಹಾಗೂ ಇರಲಿಲ್ಲ. ಅರವತ್ತೊಂದು ವರ್ಷದ ಮನುಷ್ಯ, ಬಂಗಾರಪೇಟೆಯ ಅಂಚಿನಲ್ಲಿರುವ ತನ್ನ ಮನೆಯ ಜಗಲಿಯ ಮೇಲೆ ಊಟದ ಮಣೆಯನ್ನೇ ಮೇಜು ಮಾಡಿಕೊಂಡು, ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದುಕೊಂಡು, ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ಕನ್ನು ನೋಡುತ್ತಾ ಹಲ್ಲು ಕಡಿಯುತ್ತಿದ್ದ. ದಾರಿಯಲ್ಲಿ ಹೋಗುವವರು ನಿಂತು ನೋಡಿ, "ಎಲಿಕಾಪ್ಟರ್ ಸೀನಪ್ಪಂಗೆ ಇದೆಲ್ಲಾ ಯಾವ ಲೆಕ್ಕ ಬುಡು" ಎಂದು ಮುಂದೆ ಹೋಗುತ್ತಿದ್ದರು. ಅವರ ಮೇಲೆ ಬರುತ್ತಿದ್ದ ಕೋಪ ಆ ಪ್ಲಾಸ್ಟಿಕ್ಕಿನ ಮೇಲೂ ಬರುತ್ತಿರಲಿಲ್ಲ.

ಪೆಟ್ಟಿಗೆಯನ್ನು ಕೊರಿಯರ್‌ನಲ್ಲಿ ಕಳಿಸಿದವಳು ನವ್ಯ, ಶ್ರೀನಿವಾಸಪ್ಪನ ತಮ್ಮನ ಮಗಳು. ಹುಡುಗಿ ವಾಯುಸೇನೆಗೆ ಸೇರಿ ಒಂದೂವರೆ ವರ್ಷವಾಗಿತ್ತು. ಅಸ್ಸಾಮಿನ ಕಡೆ ಎಲ್ಲೋ ಹೆಲಿಕಾಪ್ಟರುಗಳ ರಿಪೇರಿ, ತಪಾಸಣೆ ನೋಡುವ ತಂಡದಲ್ಲಿದ್ದಳು. ಪೆಟ್ಟಿಗೆಯಲ್ಲಿದ್ದದ್ದು ಸೇನೆಯ ಹಳೇ ಹೆಲಿಕಾಪ್ಟರೊಂದರ ಮಾದರಿ, ನಿಜವಾದದ್ದಕ್ಕಿಂತ ಎಪ್ಪತ್ತೆರಡು ಪಟ್ಟು ಚಿಕ್ಕದು. ತುಂಡುಗಳನ್ನು ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ನಾವೇ ನಿಲ್ಲಿಸಬೇಕು. "ದೊಡ್ಡಪ್ಪ, ನೀವು ಮಾಡ್ತಿದ್ದ ಜಾತಿದೇ ಸಿಕ್ತು" ಎಂದು ಅವಳು ಫೋನಿನಲ್ಲಿ ಕುಣಿದಾಡಿದ್ದಳು. "ಯುಗಾದಿಗೆ ರಜಾ ಸಿಗ್ತದೆ, ಅಷ್ಟರಲ್ಲಿ ಮಾಡಿಟ್ಟಿರಿ. ನಮ್ಮ ಸಾರ್ಜೆಂಟ್ ಸಾರ್‌ಗೆ ಹೇಳಿದೀನಿ, ನಮ್ಮ ದೊಡ್ಡಪ್ಪ ಇನ್ನೂರು ಹೆಲಿಕಾಪ್ಟರ್ ಮಾಡಿರೋರು ಅಂತ. ವಿಡಿಯೋ ಕಾಲ್ ಮಾಡ್ತೀನಿ, ನೀವೇ ಒಳಗಿಂದೆಲ್ಲ ಒಂದೊಂದಾಗಿ ತೋರಿಸಿ ಹೇಳ್ಬೇಕು." ಆವತ್ತಿನಿಂದ ಶ್ರೀನಿವಾಸಪ್ಪನಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ನಿಜ ಹೇಳಬೇಕೆಂದರೆ ಅವನು ತನ್ನ ಜನ್ಮದಲ್ಲಿ ಒಂದು ಹೆಲಿಕಾಪ್ಟರನ್ನೂ ಮಾಡಿರಲಿಲ್ಲ. ಬಾಲ ಮಾಡಿದ್ದ. ಬೆಂಗಳೂರಿನ ಕಾರ್ಖಾನೆಯಲ್ಲಿ ಮೂವತ್ಮೂರು ವರ್ಷ, ಒಂದೇ ಶೆಡ್ಡಿನಲ್ಲಿ, ಹೆಲಿಕಾಪ್ಟರಿನ ಬಾಲಕ್ಕೆ ತಗಡು ಕೂರಿಸಿ ರಿವಿಟ್ ಹೊಡೆಯುವುದೇ ಅವನ ಕೆಲಸ. ಹೊರಗೆ ರಿವಿಟ್ ಹೊಡೆಯುವ ಗನ್ನು ಹಿಡಿದವನೊಬ್ಬ, ಒಳಗೆ ಕೈ ತೂರಿಸಿ ಕಬ್ಬಿಣದ ತುಂಡು ಒತ್ತಿ ಹಿಡಿದವನೊಬ್ಬ. ಮೊದಲ ಹತ್ತು ವರ್ಷ ಅವನು ಒಳಗಿನ ಕೈ, ಆಮೇಲೆ ಹೊರಗಿನ ಗನ್ನು. ಎಡಗಿವಿ ಅರ್ಧ ಮಂದವಾದದ್ದು ಅಲ್ಲೇ. ಬಾಲ ಮುಗಿದ ಮೇಲೆ ಅದನ್ನು ಗಾಲಿಯ ಮೇಲೆ ತಳ್ಳಿಕೊಂಡು ಬೇರೆಯವರು ಬೇರೆ ಶೆಡ್ಡಿಗೆ ಒಯ್ಯುತ್ತಿದ್ದರು. ಅಲ್ಲಿಗೆ ಬೇರೆ ಪಾಸು ಬೇಕು. ಪೂರ್ತಿಯಾದದ್ದನ್ನು ಅವನು ಕಂಡದ್ದು ಬೇಲಿಯಾಚೆ ಮೇಲೇಳುವಾಗ, ಬಿಸಿಲಿಗೆ ಕೈ ಅಡ್ಡ ಹಿಡಿದುಕೊಂಡು.

ಹಾಗಾದರೆ ಈ ಸುಳ್ಳು ಹುಟ್ಟಿದ್ದೆಲ್ಲಿ? ಹೆಣ್ಣು ನೋಡಲು ಹೋದ ಮನೆಯಲ್ಲಿ. ಅವನ ಸೋದರಮಾವ ಬೈರಪ್ಪ ಕಾಫಿ ಲೋಟ ಕೆಳಗಿಟ್ಟು, "ನಮ್ಮುಡ್ಗ ಮಿಲ್ಟ್ರಿಗೆ ಎಲಿಕಾಪ್ಟರ್ ಮಾಡ್ತವ್ನೆ" ಎಂದು ಬಿಟ್ಟ. ಬಾಗಿಲ ಹಿಂದೆ ನಿಂತಿದ್ದ ಇಂದ್ರಾಣಿ ತಲೆ ಎತ್ತಿ ನೋಡಿದಳು. ಆ ನೋಟ ಕಂಡ ಮೇಲೆ, ಇಲ್ಲಮ್ಮ, ನಾನು ಬಾಲ ಮಾತ್ರ ಮಾಡುವುದು ಎಂದು ಯಾವ ಗಂಡಸು ಹೇಳಿಯಾನು? ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಹೇಳಲಿಲ್ಲ. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಮನೆಮಂದಿಯನ್ನು ಕರೆದುಕೊಂಡು ಬರುವ ದಿನವಿತ್ತು. ಪ್ರತಿ ವರ್ಷವೂ "ಪಾಸು ಸಿಗ್ಲಿಲ್ಲ ಕಣೆ" ಎಂದ. ಯಾರಾದರೂ ಒಳಗಿನ ಸಂಗತಿ ಕೆದಕಿದರೆ, "ಅದೆಲ್ಲ ಮಿಲ್ಟ್ರಿ ಗುಟ್ಟು" ಎಂದು ಬಾಯಿ ಮುಚ್ಚಿಸುತ್ತಿದ್ದ. ಹಾಲಿನ ಡೇರಿಯ ಮುಂದೆ ಸಾಲಿನಲ್ಲಿ ನಿಂತಾಗ ಇಂದ್ರಾಣಿಯೂ ಅದನ್ನೇ ಹೇಳುತ್ತಿದ್ದಳು, ಇನ್ನೂ ಸ್ವಲ್ಪ ಗತ್ತಿನಿಂದ. ಈಗ ಮಿಲಿಟರಿಯೇ ಮನೆಗೆ ಬರುತ್ತಿದೆ. ಯಾವ ಗುಟ್ಟು ಹೇಳಿ ಯಾರ ಬಾಯಿ ಮುಚ್ಚಿಸುವುದು?

ಅದೂ ಸಾಲದೆಂಬಂತೆ ಮೊದಲ ದಿನವೇ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡ. ಪೆಟ್ಟಿಗೆ ಬಿಚ್ಚುವಾಗ ಜಗಲಿಯ ತುಂಬ ಜನ. ಯಾವ ತುಂಡು ಎಲ್ಲಿಗೆ ಎಂದು ಚಿತ್ರ ಬರೆದು ನಂಬರು ಹಾಕಿದ ಕಾಗದವೊಂದು ಮೇಲೆಯೇ ಇತ್ತು. ಪಕ್ಕದ ಮನೆಯ ಶಶಿರೇಖ, "ಅಣ್ಣ, ಇದ್ರಾಗೆ ಎಲ್ಲಾ ಬರ್ದವ್ರೆ ನೋಡು" ಎಂದಳು. ಶ್ರೀನಿವಾಸಪ್ಪನಿಗೆ ಎಲ್ಲಿತ್ತೋ ಆ ಜಂಬ. "ನಂಗ್ಯಾಕಮ್ಮ ಕಾಗದ? ದೊಡ್ಡವೇ ಇನ್ನೂರು ಮಾಡಿರೋ ಕೈಯಿದು" ಎಂದು ಅದನ್ನು ಎರಡು ಬೆರಳಲ್ಲಿ ಎತ್ತಿ ಇಂದ್ರಾಣಿಯ ಕೈಗೆ ಕೊಟ್ಟ. ಎಲ್ಲರೂ ಹೋದ ಮೇಲೆ ಮೆಲ್ಲಗೆ ವಾಪಸು ತೆಗೆದುಕೊಂಡರಾಯಿತು ಎಂಬ ಲೆಕ್ಕಾಚಾರವಿತ್ತು. ಆದರೆ ಇಂದ್ರಾಣಿ, ಯಾರಾದರೂ ಒಂದು ವಸ್ತುವನ್ನು ಬೇಡ ಎಂದರೆ ಇಟ್ಟುಕೊಳ್ಳುವ ಹೆಂಗಸಲ್ಲ. ಮರುದಿನ ಬೆಳಿಗ್ಗೆ ಹಳೇ ಪೇಪರಿನ ಕಟ್ಟಿನ ಜೊತೆ ಅದೂ ಸ್ಟೇಷನ್ ಮುಂದೆ ಕಡಲೆಕಾಯಿ ಮಾರುವವಳ ಗಾಡಿಗೆ ಹೋಯಿತು.

"ಕೊಟ್ಬುಟ್ಟಾ?" ಎಂದ ಶ್ರೀನಿವಾಸಪ್ಪ.

"ನೀನೇ ತಾನೆ ಬ್ಯಾಡ ಅಂದಿದ್ದು."

"ಬ್ಯಾಡ ಅಂದ್ರೆ ಬ್ಯಾಡಾನೇನೆ?"

"ಮತ್ತಿನ್ನೇನು?"

ಶ್ರೀನಿವಾಸಪ್ಪ ಆಗಿಂದಾಗಲೇ ಸೈಕಲ್ ಹತ್ತಿ ಸ್ಟೇಷನ್ನಿಗೆ ಹೋದ. ಕಡಲೆಕಾಯಿಯವಳು ಕಾಗದವನ್ನು ಆಗಲೇ ಹರಿದು ಪೊಟ್ಟಣ ಸುತ್ತಿಟ್ಟಿದ್ದಳು. ಒಂದು ಪೊಟ್ಟಣ ಕೊಂಡು ಬಿಚ್ಚಿದ, ಸಿನಿಮಾ ಪುಟ. ಇನ್ನೊಂದು ಬಿಚ್ಚಿದ, ಟೊಮೆಟೊ ಧಾರಣೆ. ಬಿಚ್ಚಿ ಬಿಚ್ಚಿ ಅಂಗಿಯ ಜೇಬು, ಪ್ಯಾಂಟಿನ ಜೇಬು, ತಲೆಯ ಟವಲು ಎಲ್ಲಾ ಕಡಲೆಕಾಯಿ. ಕೊನೆಗೆ ಒಂದು ಚೂರು ಸಿಕ್ಕಿತು. ಅದರಲ್ಲಿ ಬಣ್ಣ ಹಚ್ಚಿದ ರೆಕ್ಕೆಯ ಚಿತ್ರವೊಂದೇ ಇತ್ತು, ಪಕ್ಕದ ಬರಹವೂ ಜಪಾನಿಯೋ ಚೀನಿಯೋ ಲಿಪಿಯಲ್ಲಿ. ಉಳಿದದ್ದೆಲ್ಲ ಬೆಳಗಿನ ರೈಲಿನಲ್ಲಿ ಬೆಂಗಳೂರು ಸೇರಿತ್ತು. ಮನೆಗೆ ಬಂದು ಮೂರು ದಿನ ಕಡಲೆಕಾಯಿ ತಿಂದ.

ಮೊಬೈಲಿನಲ್ಲಿ ನೋಡೋಣವೆಂದರೆ ಯಾವನೋ ಹೊರದೇಶದವನು ಕೈಗೆ ಗ್ಲೌಸು ಹಾಕಿಕೊಂಡು ಇದೇ ಹೆಲಿಕಾಪ್ಟರು ಮಾಡುತ್ತಿದ್ದ. ಆದರೆ ಆ ಪುಣ್ಯಾತ್ಮ ವಿಡಿಯೋ ಶುರು ಮಾಡುವ ಹೊತ್ತಿಗೆ ಒಳಗಿನದನ್ನೆಲ್ಲ ಅಂಟಿಸಿ ಮುಚ್ಚಿಯಾಗಿತ್ತು. ಆಮೇಲೆ ಒಂದು ಗಂಟೆ ಬಣ್ಣ, ಬಣ್ಣ, ಬಣ್ಣ. ಶ್ರೀನಿವಾಸಪ್ಪ ಅವನಿಗೆ ಬಾಯಿಗೆ ಬಂದಂತೆ ಬೈದು ಮೊಬೈಲನ್ನು ಹಾಸಿಗೆಯ ಮೇಲೆ ಎಸೆದ.

ಒಂದು ವಿಷಯದಲ್ಲಿ ಮಾತ್ರ ಅವನಿಗೆ ಯಾರ ಕಾಗದವೂ ಬೇಕಿರಲಿಲ್ಲ. ಮಾದರಿಯ ಬಾಲದ ಮೇಲೆ ರಿವಿಟ್‌ಗಳೆಂದು ಪ್ಲಾಸ್ಟಿಕ್ಕಿನ ಗುಳ್ಳೆಗಳನ್ನು ಉಬ್ಬಿಸಿದ್ದರು. ಅದನ್ನು ನೋಡಿದ್ದೇ ಅವನ ಮೈ ಉರಿದುಹೋಯಿತು. ಅವನು ಹೊಡೆದದ್ದು ತಲೆ ಮುಳುಗಿದ ರಿವಿಟ್, ಕೈ ಆಡಿಸಿದರೆ ಜಾರಬೇಕು, ಒಂದು ಉಬ್ಬಿದ್ದರೂ ಇನ್‌ಸ್ಪೆಕ್ಟರು ಚಾಕಿನಲ್ಲಿ ಸುತ್ತು ಹಾಕಿ ಮತ್ತೆ ಬಿಚ್ಚಿಸುತ್ತಿದ್ದ. "ಸಿಡುಬು ಎದ್ದಂಗೆ ಮಾಡವ್ರಲ್ಲ, ಇವ್ರ ಮನೆ ಹಾಳಾಗ" ಎಂದು ಗೊಣಗುತ್ತಾ ನೀರಿನಲ್ಲಿ ಅದ್ದಿದ ಉಪ್ಪುಕಾಗದ ಹಿಡಿದು ಒಂಬತ್ತು ದಿನ ಉಜ್ಜಿ ಎಲ್ಲವನ್ನೂ ನುಣ್ಣಗೆ ಮಾಡಿದ. ಆಮೇಲೆ ಹೊಲಿಗೆ ಸೂಜಿಯ ತುದಿಯಿಂದ ಸಾಲು ಸಾಲಾಗಿ ಚುಚ್ಚಿದ. ಎಲ್ಲಿ ಎರಡು ಸಾಲು ಒತ್ತಾಗಿ ಬರುತ್ತದೆ, ಎಲ್ಲಿ ತೇಪೆಯ ಹತ್ತಿರ ಅಂತರ ಕಡಿಮೆಯಾಗುತ್ತದೆ, ಅದು ಅವನ ಕಣ್ಣಿಗಿಂತ ಕೈಗೆ ಚೆನ್ನಾಗಿ ಗೊತ್ತಿತ್ತು. ಆ ಒಂಬತ್ತು ದಿನ ಮಾತ್ರ ಅವನು ಯಾರ ಮೇಲೂ ರೇಗಲಿಲ್ಲ.

ಯುಗಾದಿಗೆ ಮೂರು ವಾರ ಉಳಿದಾಗ ತಡೆಯಲಾರದೆ ಹತ್ತಿರದ ಊರಿಗಾಂ ಎಂಬ ಗಣಿಯೂರಿಗೆ ಹೋದ. ಅಲ್ಲಿ ಹಳೇ ಗಣಿ ಲೈನಿನ ಮನೆಯೊಂದರಲ್ಲಿ ಆದಿನಾರಾಯಣ ಇದ್ದ. ಅದೇ ಕಾರ್ಖಾನೆ, ಅದೇ ರೈಲು. ಮಾರಿಕುಪ್ಪಂನಿಂದ ಬರುವ ಬೆಳಗಿನ ಗಾಡಿಗೆ ಆದಿನಾರಾಯಣ ಊರಿಗಾಂನಲ್ಲೇ ಹತ್ತಿ, ಕಿಟಕಿ ಪಕ್ಕ ಟವಲು ಹಾಸಿ ಸೀನಪ್ಪನಿಗೆ ಜಾಗ ಹಿಡಿಯುತ್ತಿದ್ದ. ಬಂಗಾರಪೇಟೆಯಿಂದ ಮುಂದಕ್ಕೆ ಇಬ್ಬರೂ ಮೊಣಕಾಲಿನ ಮೇಲೆ ಅದೇ ಟವಲು ಹಾಸಿಕೊಂಡು ಇಸ್ಪೀಟು ಆಡುತ್ತಿದ್ದರು. ಕೆಲಸದ ವಿಷಯ ಮಾತಾಡಿದವರೇ ಅಲ್ಲ. ಆದರೆ ಜೋಡಣೆಯ ಶೆಡ್ಡಿನ ಪಾಸು ಆದಿನಾರಾಯಣನ ಕೊರಳಲ್ಲಿ ನೇತಾಡುತ್ತಿದ್ದುದು ಶ್ರೀನಿವಾಸಪ್ಪನಿಗೆ ನೆನಪಿತ್ತು.

ಬೂಟಿನ ಡಬ್ಬಿಯಿಂದ ಮಾದರಿಯ ಎರಡು ಹೋಳುಗಳನ್ನೂ ಚಿಲ್ಲರೆ ತುಂಡುಗಳನ್ನೂ ತೆಗೆದು ಮುಂದಿಟ್ಟ. ಆದಿನಾರಾಯಣ ಬೆಳಕಿಗೆ ಹಿಡಿದು ನೋಡಿದ.

"ಏಮಿರಾ ಸೀನಪ್ಪ, ಬಾಲ ಏನ್ ಚೆನ್ನಾಗಿ ಮಾಡಿದೀಯೋ. ಅಸಲಿ ಇದ್ದಂಗೇ ಐತೆ."

"ಬಾಲ ಬುಡು. ಮುಂದ್ಗಡೆ ಯೋಳು. ಈ ಎರಡು ಕೋಲು, ಈ ಪೆಟ್ಗೆ, ಇದೇನೋ ಬಾಚಣಿಗೆ ಇದ್ದಂಗೈತಲ್ಲ, ಇವೆಲ್ಲ ಎಲ್ಲಿ ಕೂರ್ತವೆ?"

"ನಂಗೇನ್ಲಾ ಗೊತ್ತು? ನಂದು ಬಾಗಿಲು."

"ಬಾಗಿಲಾ?"

"ಬಾಗಿಲೇ. ಎಡಗಡೆ ಬಾಗಿಲು. ಬಲಗಡೆಗೆ ಬೇರೆ ಆಳು ಇದ್ದ."

"ಮೂವತ್ತು ವರ್ಷ ಬಾಗಿಲಲ್ಲಿ ನಿಂತು ಒಂದಪನಾದ್ರೂ ಒಳಕ್ಕೆ ಇಣುಕಿ ನೋಡ್ಲಿಲ್ವೇನ್ಲಾ?"

"ಬಾಗಿಲು ಕೂರ್ಸೋ ಹೊತ್ಗೆ ಒಳಗೆಲ್ಲಾ ಗೋಣಿಪಟ್ಟೆ ಇದ್ದಂಗೆ ಬಟ್ಟೆ ಮುಚ್ಚಿರೋರು. ಕೈ ಇಟ್ರೆ ಚಾರ್ಜ್‌ಶೀಟು." ಆದಿನಾರಾಯಣ ನಕ್ಕ. "ನೀನು ಪೂರ್ತಿ ಮಾಡ್ತೀಯ ಅಂತಲ್ಲಪ್ಪಾ ನಮ್ ಮನೇಲೂ ಯೋಳಿದ್ದು ನಾನು."

ಶ್ರೀನಿವಾಸಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬಸ್ಸು ಹತ್ತಿ ಬರುವಾಗ ದಾರಿಯುದ್ದಕ್ಕೂ ಆದಿನಾರಾಯಣನ ಮೇಲೆ, ಕಾರ್ಖಾನೆಯ ಮೇಲೆ, ತೀರಿಕೊಂಡು ಹತ್ತು ವರ್ಷವಾದ ಸೋದರಮಾವನ ಮೇಲೆ ಒಳಗೊಳಗೇ ಕಿಡಿಕಾರಿದ. ಮಾವ ಆವತ್ತು ಕಾಫಿ ಕುಡಿದು ಸುಮ್ಮನೆ ಎದ್ದು ಬಂದಿದ್ದರೆ ಏನು ಗಂಟು ಹೋಗುತ್ತಿತ್ತು?

ಕೊನೆಗೆ ದೇವರ ಮೇಲೆ ಭಾರ ಹಾಕಿ ಅಂದಾಜಿನಲ್ಲೇ ಅಂಟಿಸಿದ. ಸೀಟು ಎಂದು ಕಂಡದ್ದನ್ನು ಸೀಟಿನ ಜಾಗದಲ್ಲಿ ಇಟ್ಟ. ಗಡಿಯಾರಗಳಿದ್ದ ಹಲಗೆಯನ್ನು ಎಲ್ಲಿಡಬೇಕೋ ತಿಳಿಯದೆ ಸೀಟುಗಳ ಹಿಂದೆ ನಿಲ್ಲಿಸಿದ. ಎಲ್ಲ ಮುಗಿದ ಮೇಲೆ ಐದು ತುಂಡು ಉಳಿದವು. ಬಿಸಾಡಲು ಮನಸ್ಸು ಬರಲಿಲ್ಲ. ಅವನ ಶೆಡ್ಡಿನಲ್ಲಿ ಸಂಜೆ ಒಂದು ರಿವಿಟ್ ಹೆಚ್ಚಿಗೆ ಉಳಿದರೂ ಎಲ್ಲಿಯದೆಂದು ಪತ್ತೆಯಾಗುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹೊರಗಿಟ್ಟರೆ ನವ್ಯಳ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಐದನ್ನೂ ಹೊಟ್ಟೆಯೊಳಗೇ ಒಂದೊಂದು ತೊಟ್ಟು ಗಮ್ಮು ಹಾಕಿ ಅಂಟಿಸಿ, ಎರಡೂ ಹೋಳು ಸೇರಿಸಿ ಮುಚ್ಚಿಬಿಟ್ಟ.

ಮುಂದಿನ ಗಾಜನ್ನೂ ಅದೇ ಗಮ್ಮಿನಲ್ಲಿ ಅಂಟಿಸಿದ. ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ತುಂಬ ಬಿಳಿ ಮಬ್ಬು, ಮುದಿ ಎತ್ತಿನ ಕಣ್ಣಿಗೆ ಪೊರೆ ಬಂದ ಹಾಗೆ. ಗಮ್ಮಿನ ಹಬೆ ಒಳಗೆ ಹಿಡಿದುಕೊಂಡಿತ್ತು. ಬಟ್ಟೆಯಲ್ಲಿ ಉಜ್ಜಿದ, ಹೋಗಲಿಲ್ಲ. ಹಣೆ ಚಚ್ಚಿಕೊಂಡು ಗೋಡೆಗೆ ಒರಗಿ ಕೂತ. ಹಾಗೇ ಕೂತು ನೋಡುತ್ತಾ ನೋಡುತ್ತಾ ಇನ್ನೊಂದು ಸಂಗತಿ ಹೊಳೆಯಿತು. ಈ ಮಬ್ಬಿನಲ್ಲಿ ಒಳಗಿನದು ಏನೇನೂ ಕಾಣುವುದಿಲ್ಲ. ಯಾರೂ ಕೇಳುವಂತಿಲ್ಲ, ಅವನು ಹೇಳುವಂತಿಲ್ಲ. ಎಷ್ಟೋ ದಿನದ ಮೇಲೆ ಆವತ್ತು ಎರಡು ಮುದ್ದೆ ಉಂಡ.

ಯುಗಾದಿಯ ಹಿಂದಿನ ದಿನ ನವ್ಯ ಬಂದಳು. ಚೀಲವನ್ನೂ ಕೆಳಗಿಡದೆ, "ಎಲ್ಲಿ ದೊಡ್ಡಪ್ಪ?" ಎಂದಳು. ಮಾದರಿ ಟೀವಿಯ ಪಕ್ಕ ನಿಂತಿತ್ತು, ಹಸಿರು ಬಣ್ಣ ಹೊಡೆಸಿಕೊಂಡು, ನಾಲ್ಕೂ ಗಾಲಿ ಊರಿಕೊಂಡು. ಶಶಿರೇಖ ಬಂದಳು, ಇನ್ನಿಬ್ಬರು ಮೂವರು ಬಂದು ಬಾಗಿಲಲ್ಲಿ ನಿಂತರು. ಇಂದ್ರಾಣಿ ಸೆರಗಿಗೆ ಕೈ ಒರೆಸಿಕೊಂಡು, ತಾನೇ ಹೆತ್ತಂತೆ ಮುಖ ಮಾಡಿಕೊಂಡು ಅದರ ಪಕ್ಕ ನಿಂತಳು. ನವ್ಯ ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿದಳು. ಒಳಗೆ ಏನೋ ಗಲಕ್ ಎಂದಿತು.

ಹುಡುಗಿಯ ನಗು ನಿಂತುಹೋಯಿತು. ಇನ್ನೊಮ್ಮೆ ಓರೆ ಮಾಡಿದಳು. ಮತ್ತೆ ಗಲಕ್.

"ಒಳಗೆ ಏನೋ ಸಡಿಲ ಇದೆ ದೊಡ್ಡಪ್ಪ" ಎಂದಳು. ದನಿ ಮನೆಯ ಹುಡುಗಿಯದಾಗಿರಲಿಲ್ಲ, ಕೆಲಸದವಳದಾಗಿತ್ತು. "ನಮ್ಮಲ್ಲಿ ಇಷ್ಟು ಸದ್ದು ಬಂದ್ರೂ ಮೇಲಕ್ಕೆ ಬಿಡಲ್ಲ. ಏನದು?" ಗಾಜಿನ ಹತ್ತಿರ ಕಣ್ಣಿಟ್ಟಳು. "ಏನೂ ಕಾಣಿಸ್ತಿಲ್ವಲ್ಲ."

"ನೀನು ಫೋನ್ ಮಾಡವ್ವ, ದೊಡ್ಡಪ್ಪ ಯೋಳ್ತಾರೆ" ಎಂದಳು ಇಂದ್ರಾಣಿ.

ನವ್ಯ ಫೋನು ತೆಗೆದಳು. ಗಾಜಿನ ಮಬ್ಬಿಗೆ, ಇದು ಮಂಜಿನಲ್ಲಿ ಹಾರುವ ಜಾತಿ ಎಂದು ಅವನು ಹೇಳಬಹುದಿತ್ತು. ಗುಟ್ಟು ಎನ್ನಬಹುದಿತ್ತು. ಆದರೆ ಆ ಗಲಕ್ ಸದ್ದು ಶ್ರೀನಿವಾಸಪ್ಪನ ಮಂದವಾದ ಎಡಗಿವಿಗೂ ಸರಿಯಾಗಿ ಕೇಳಿಸಿತ್ತು. ಸಡಿಲವಾದ ತುಂಡನ್ನು ಹೊಟ್ಟೆಯಲ್ಲಿಟ್ಟು ಮುಚ್ಚಿದವನನ್ನು ಅವನ ಶೆಡ್ಡಿನಲ್ಲಿ ಯಾರೂ ಮನುಷ್ಯ ಎನ್ನುತ್ತಿರಲಿಲ್ಲ. ಅವನೇ ಅಂಥ ಇಬ್ಬರ ಜೊತೆ ಮಾತು ಬಿಟ್ಟಿದ್ದ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಫೋನ್ ಮಡುಗು ಮಗಾ" ಎಂದ. "ಒಳಗೆ ಏನೈತೆ ಅಂತ ನಂಗೂ ಗೊತ್ತಿಲ್ಲ."

"ಅಂದ್ರೆ?"

"ಯಾವತ್ತೂ ಗೊತ್ತಿರ್ಲಿಲ್ಲ. ಎಲಿಕಾಪ್ಟರ್ ಒಳಕ್ಕೆ ನಾನು ಒಂದಿನಾನೂ ತಲೆ ಆಕ್ದೋನಲ್ಲ. ನಾನು ಮಾಡಿದ್ದು ಬಾಲ. ಮೂವತ್ಮೂರು ವರ್ಷ ಬರೀ ಬಾಲ. ನಿಮ್ಮ ಸಾರ್‌ಗೆ ಅಂಗೇ ಯೋಳ್ಬುಡು."

ಶಶಿರೇಖ ಒಲೆಯ ಮೇಲೆ ಹಾಲಿಟ್ಟಿದ್ದೀನಿ ಎಂದು ಹೊರಟಳು, ಉಳಿದವರೂ ಅವಳ ಹಿಂದೆ ಜಾರಿದರು. ನವ್ಯ ಫೋನನ್ನು ಮಗುಚಿ ಇಟ್ಟಳು. ಇಂದ್ರಾಣಿಯ ಮುಖ ನೋಡುವ ಧೈರ್ಯ ಶ್ರೀನಿವಾಸಪ್ಪನಿಗೆ ಇರಲಿಲ್ಲ. ನೆಲ ನೋಡಿಕೊಂಡು ಕೂತ.

"ಬ್ಲೇಡು ಕೊಡಿ ದೊಡ್ಡಪ್ಪ" ಎಂದಳು ನವ್ಯ. ಗಾಜಿನ ಸುತ್ತ ಬ್ಲೇಡಿನ ತುದಿ ಆಡಿಸಿ ಟಕ್ಕೆಂದು ಎಬ್ಬಿಸಿದಳು. ಒಳಗೆ ನೋಡಿ ತುಟಿ ಕಚ್ಚಿದಳು, ಪಾಪ ನಗು ತಡೆದುಕೊಳ್ಳಲು. "ಪೈಲಟ್ ಬೆನ್ನ ಹಿಂದೆ ಇಟ್ಟಿದೀರಲ್ಲ ಮೀಟರ್ ಬೋರ್ಡು, ಕತ್ತು ತಿರುಗಿಸಿ ಓಡಿಸ್ಬೇಕಾ? ಬನ್ನಿ ಇಲ್ಲಿ, ಹತ್ರ ಕೂತ್ಕೊಳ್ಳಿ. ಇದು ನೋಡಿ, ಪೈಲಟ್ ಎಡಗೈಯಲ್ಲಿ ಹಿಡಿಯೋದು. ಇದನ್ನ ಎತ್ತಿದ್ರೆ ಮೇಲಕ್ಕೆ ಏಳ್ತದೆ. ಈ ಮಧ್ಯದ್ದು ಎತ್ತ ವಾಲಿಸಿದ್ರೆ ಅತ್ತ ಹೋಗ್ತದೆ."

ಶ್ರೀನಿವಾಸಪ್ಪ ಭೂತಗನ್ನಡಿ ತೆಗೆದುಕೊಂಡು ಬಂದು ಬಗ್ಗಿದ. ಆಗ ಇಂದ್ರಾಣಿ ಅವನ ಹೆಗಲ ಮೇಲಿಂದ ಕತ್ತು ಚಾಚಿದಳು.

"ಅಂಗಾರೆ ನೀನು ಮಾಡಿದ್ದು ಯಾವ್ದು?"

ಅವನು ಬೆರಳಲ್ಲಿ ತೋರಿಸಿದ. ಗೇಣುದ್ದದ ಮಾದರಿಯಲ್ಲಿ ಮೂರು ಬೆರಳಗಲದ ಬಾಲ. ಇಂದ್ರಾಣಿ ಅದನ್ನು ಬೆಳಕಿಗೆ ಹಿಡಿದು, ಸೂಜಿಯ ಸಾಲುಗಳ ಮೇಲೆ ಹೆಬ್ಬೆರಳು ಆಡಿಸಿದಳು. ತುಂಬ ಹೊತ್ತು ಆಡಿಸಿದಳು.

"ಇದು ಇಲ್ದಿದ್ರೆ ಏನಾಯ್ತದೆ?" ಎಂದು ನವ್ಯಳನ್ನು ಕೇಳಿದಳು.

"ಬಾಲ ಇಲ್ದಿದ್ರಾ? ಮೇಲೆ ಎದ್ದ ತಕ್ಷಣ ಗಿರಗಿರ ಅಂತ ಸುತ್ತಿ ಬಿದ್ದೋಗ್ತದೆ ದೊಡ್ಡಮ್ಮ. ಒಳಗಿರೋರು ಒಬ್ರೂ ಉಳಿಯಲ್ಲ."

ಇಂದ್ರಾಣಿ ಗಂಡನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಸಿಟ್ಟೇ ಇತ್ತು. "ಇದನ್ನ ಯೋಳೋಕೆ ನಿಂಗೇನು ದೊಡ್ರೋಗ ಬಂದಿತ್ತು? ಆವತ್ತೇ ಯೋಳಿದ್ರೂ ನಾನು ನಿನ್ನೇ ಕಟ್ಕಂತಿದ್ದೆ."

ಶ್ರೀನಿವಾಸಪ್ಪ ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಹಿಡಿದು, "ಬೆಳಕಿಗೆ ಅಡ್ಡ ನಿಂತ್ಕಬ್ಯಾಡ, ಪಕ್ಕಕ್ಕೆ ಬಾ" ಎಂದು ಅವಳ ಮೇಲೆ ರೇಗಿದ. ಅವಳು ಪಕ್ಕಕ್ಕೆ ಬಂದು ಅವನಿಗೆ ತಗುಲಿಕೊಂಡೇ ಕೂತಳು. ಅವನು ನವ್ಯಳ ಕಡೆ ನೋಡಿ, "ಮುಂದಕ್ಕೆ ಯೋಳವ್ವ, ಕಾಲ್ಹತ್ರ ಇರೋ ಇವೆರಡು ಏನು?" ಎಂದ.